ಪರಸ್ಪರೋಪಕಾರದ ನುಡಿ: ಓಜಿಬ್ವೆ ಜನರ ಸದ್ಬಾಳ್ವೆ

ಧರ್ಮವು ಗ್ರಂಥಗಳಲ್ಲಿ ಮಾತ್ರ ನೆಲೆಸಿರುವುದಿಲ್ಲ; ಹಿರಿಯರು ಮಕ್ಕಳೊಡನೆ ಆಡುವ ಮನೆಮಾತಿನಲ್ಲಿಯೂ ನೆಲೆಸಿರುತ್ತದೆ. ಜಿನೇಂದ್ರನ ದಿವ್ಯಧ್ವನಿಯು ಪ್ರತಿಯೊಂದು ಜೀವಿಗೂ ತನ್ನ ತನ್ನ ಭಾಷೆಯಲ್ಲಿಯೇ ತಿಳಿಯುತ್ತಿತ್ತೆಂದು ನಂಬುವ ನಮಗೆ ಇದು ಹೊಸ ವಿಚಾರವೇನಲ್ಲ. ಆದರೆ ಆ ಮಾತನ್ನೇ ಮಕ್ಕಳಿಂದ ಕಸಿದುಕೊಂಡರೆ ಸದಾಚಾರದ ಗತಿಯೇನು? ಉತ್ತರ ಅಮೆರಿಕದ ಓಜಿಬ್ವೆ ಜನರ ಇತಿಹಾಸವು ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

ಅಮೆರಿಕ ಮತ್ತು ಕೆನಡಾಗಳ ಮಹಾಸರೋವರಗಳ ಸುತ್ತಣ ಪ್ರದೇಶವು ಈ ಮೂಲನಿವಾಸಿಗಳ ನೆಲೆ. ತಮ್ಮನ್ನು ಅವರು ‘ಅನಿಶಿನಾಬೆ’ ಎಂದು ಕರೆದುಕೊಳ್ಳುತ್ತಾರೆ. ‘ಮಿನೋ ಬಿಮಾಡಿಜಿವಿನ್’, ಎಂದರೆ ಒಳ್ಳೆಯ ಬಾಳು, ಅವರ ಜೀವನಾದರ್ಶ. ವಿವೇಕ, ಪ್ರೀತಿ, ಗೌರವ, ಧೈರ್ಯ, ಪ್ರಾಮಾಣಿಕತೆ, ವಿನಯ, ಸತ್ಯ ಎಂಬ ಏಳು ಗುಣಗಳನ್ನು ‘ಏಳು ಅಜ್ಜಂದಿರ ಬೋಧನೆ’ ಎಂದು ಅವರಲ್ಲಿ ಕಲಿಸಲಾಗುತ್ತದೆ.

ಇಲ್ಲಿ ಗಮನಿಸತಕ್ಕ ಒಂದು ಅಂಶವುಂಟು. ಪ್ರೀತಿಗೆ ಅವರ ಶಬ್ದ ‘ಜಾಗಿಇಡಿವಿನ್’, ಗೌರವಕ್ಕೆ ‘ಮನಾಜಿಇಡಿವಿನ್’. ಎರಡರಲ್ಲಿಯೂ ಬರುವ ‘ಇಡಿ’ ಎಂಬ ಪ್ರತ್ಯಯಕ್ಕೆ ‘ಒಬ್ಬರನ್ನೊಬ್ಬರು’ ಎಂದರ್ಥ. ಆದುದರಿಂದ ಆ ನುಡಿಯಲ್ಲಿ ಪ್ರೀತಿಯೆಂದರೆ ಪರಸ್ಪರ ಪ್ರೀತಿ, ಗೌರವವೆಂದರೆ ಪರಸ್ಪರ ಗೌರವ. ಜೀವಗಳು ಪರಸ್ಪರ ಉಪಕಾರಕಗಳೆಂದು ಆಚಾರ್ಯ ಉಮಾಸ್ವಾಮಿಗಳು ಸೂತ್ರರೂಪದಲ್ಲಿ ಹೇಳಿದುದು ನೆನಪಾಗದಿರದು.

ಅವರ ಆಚಾರದಲ್ಲಿಯೂ ಈ ಭಾವವು ಕಾಣುತ್ತದೆ. ಸರೋವರಗಳಲ್ಲಿ ತಾನಾಗಿ ಬೆಳೆಯುವ ‘ಮನೂಮಿನ್’ ಎಂಬ ಕಾಡುಧಾನ್ಯವನ್ನು ಅವರು ದೋಣಿಯಲ್ಲಿ ಹೋಗಿ ಸಂಗ್ರಹಿಸುತ್ತಾರೆ. ಒಬ್ಬನು ಗಳುವಿನಿಂದ ದೋಣಿಯನ್ನು ನಡೆಸಿದರೆ, ಇನ್ನೊಬ್ಬನು ಎರಡು ಕೋಲುಗಳಿಂದ ತೆನೆಗಳನ್ನು ಬಾಗಿಸಿ ಮೃದುವಾಗಿ ತಟ್ಟುತ್ತಾನೆ. ಮಾಗಿದ ಕಾಳು ದೋಣಿಗೆ ಬೀಳುತ್ತದೆ. ಒಂದಿಷ್ಟು ನೀರಿಗೆ ಬಿದ್ದು ಮುಂದಿನ ವರ್ಷಕ್ಕೆ ಬೀಜವಾಗುತ್ತದೆ. ಅಸಲನ್ನು ಕಾಯ್ದು ಬಡ್ಡಿಯನ್ನು ಮಾತ್ರ ಉಣ್ಣುವ ಈ ನೀತಿಯನ್ನು ವ್ಯಾಪಾರಿಯಾದವನು ಸುಲಭವಾಗಿ ಅರಿಯಬಲ್ಲನು. ಬೇಟೆ ಮತ್ತು ಮೀನುಗಾರಿಕೆ ಅವರ ಜೀವನದ ಭಾಗವಾಗಿರುವುದರಿಂದ ಅದನ್ನು ನಮ್ಮ ಅಹಿಂಸೆಯೊಡನೆ ಸಮೀಕರಿಸಲಾಗದು. ಆದರೂ ಅಲ್ಲಿರುವ ಪರಿಮಿತ ಗ್ರಹಣದ ವಿವೇಕವು ಆದರಣೀಯವೇ ಸರಿ.

1879ರಲ್ಲಿ ಪೆನ್ಸಿಲ್ವೇನಿಯದ ಕಾರ್ಲೈಲ್‌ನಲ್ಲಿ ಮೂಲನಿವಾಸಿ ಮಕ್ಕಳಿಗಾಗಿ ಸರ್ಕಾರಿ ವಸತಿಶಾಲೆಯೊಂದು ಆರಂಭವಾಯಿತು. ಅದೇ ಮಾದರಿಯ ಶಾಲೆಗಳು ಅಮೆರಿಕದಲ್ಲಿ ಹಲವೆಡೆ ಹುಟ್ಟಿಕೊಂಡವು. ಕೆನಡಾದಲ್ಲಿಯೂ ಇಂತಹ ವ್ಯವಸ್ಥೆ ಬೆಳೆಯಿತು. ಮಕ್ಕಳನ್ನು ಮನೆಯಿಂದ ದೂರವಿರಿಸಿ, ತಾಯ್ನುಡಿ ಆಡಿದರೆ ಶಿಕ್ಷಿಸಲಾಯಿತು. ಹೀಗೆ ಬೆಳೆದ ಅನೇಕರು ತಮ್ಮ ಮಕ್ಕಳಿಗೆ ಆ ನುಡಿಯನ್ನು ಕಲಿಸಲಿಲ್ಲ. ನುಡಿಯೊಡನೆ ಅಜ್ಜಂದಿರ ಬೋಧನೆಯ ದಾರಿಯೂ ಕಡಿಯಿತು. ಈ ಅನ್ಯಾಯಕ್ಕಾಗಿ ಕೆನಡಾದ ಪ್ರಧಾನಿ 2008ರಲ್ಲಿಯೂ, ಅಮೆರಿಕದ ಅಧ್ಯಕ್ಷರು 2024ರಲ್ಲಿಯೂ ಕ್ಷಮೆ ಯಾಚಿಸಿದರು. ಕ್ಷಮಾಯಾಚನೆ ಶ್ರೇಷ್ಠವಾದುದೇ, ಆದರೆ ಮರೆತ ಮಾತನ್ನು ಅದೊಂದೇ ಮರಳಿಸಲಾರದು.

ಆ ಕಾರ್ಯವನ್ನು ಜನರೇ ಕೈಗೊಂಡರು. ಮೂಲನಿವಾಸಿ ಭಾಷೆಗಳನ್ನು ರಕ್ಷಿಸುವ ಕಾನೂನು ಅಮೆರಿಕದಲ್ಲಿ 1990ರಲ್ಲಿ ಬಂದಿತು. ಈ ಶತಮಾನದ ಆರಂಭದಲ್ಲಿ ವಿಸ್ಕಾನ್ಸಿನ್ ರಾಜ್ಯದ ಲಾಕ್ ಕೂರ್ಟ್ ಒರೆಯ್ ಎಂಬಲ್ಲಿ, ಓಜಿಬ್ವೆ ನುಡಿಯಲ್ಲಿಯೇ ಪಾಠ ಹೇಳುವ ಶಾಲೆಯೊಂದು ತೆರೆಯಿತು. ಅದರ ಹೆಸರು ‘ವಾಡೂಕೊಡಾಡಿಂಗ್’: ಜನರು ಒಬ್ಬರಿಗೊಬ್ಬರು ನೆರವಾಗುವ ತಾಣ.

ಯಾವ ನುಡಿಯನ್ನು ಶಾಲೆಯು ಕಸಿದುಕೊಂಡಿತ್ತೋ ಅದನ್ನು ಮರಳಿ ಕೊಡಲೂ ಒಂದು ಶಾಲೆಯೇ ಬೇಕಾಯಿತು. ಧರ್ಮದ ಶಬ್ದಗಳನ್ನು ಗ್ರಂಥದ ಪುಟಗಳಿಗೆ ಒಪ್ಪಿಸಿ ನಿಶ್ಚಿಂತರಾಗಿರುವ ನಾವು, ಅವು ನಮ್ಮ ಮೊಮ್ಮಕ್ಕಳ ದಿನನಿತ್ಯದ ಮಾತಿನಲ್ಲಿ ಉಳಿದಿವೆಯೇ ಎಂಬುದನ್ನು ವಿಚಾರಿಸಿಕೊಳ್ಳುವುದು ಒಳಿತು.