ಗೋಧಿ ಬಿಟ್ಟ ಮೇಲಿನ ಆರೈಕೆ: ಸೀಲಿಯಾಕ್ ಪಥ್ಯ ನಡೆದುಬಂದ ದಾರಿ

ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಸೀಲಿಯಾಕ್ ಕಾಯಿಲೆಯವರ ಸಣ್ಣ ಕರುಳಿನ ಒಳಪದರವನ್ನು ಹಾಳುಮಾಡುತ್ತದೆ. ಉಂಡದ್ದು ಮೈಗೆ ಹತ್ತುವುದಿಲ್ಲ. ಮಕ್ಕಳಿಗೆ ಭೇದಿ, ಉಬ್ಬಿದ ಹೊಟ್ಟೆ, ಕುಂಠಿತ ಬೆಳವಣಿಗೆ. ದೊಡ್ಡವರಿಗೆ ಹಲವೊಮ್ಮೆ ಕಬ್ಬಿಣದ ಮಾತ್ರೆಗೂ ಬಗ್ಗದ ರಕ್ತಹೀನತೆ. ಜೀವನಪೂರ್ತಿ ಪಥ್ಯವೇ ಇದರ ಮದ್ದು. ಹಾಗಾಗಿ ಪಥ್ಯ ಹೇಳಿ ಕಳಿಸಿದ ದಿನ ಚಿಕಿತ್ಸೆ ಮುಗಿಯುವುದಿಲ್ಲ, ಶುರುವಾಗುತ್ತದೆ.

ವೈದ್ಯಲೋಕ ಇದನ್ನು ತಡವಾಗಿ ಕಲಿತಿತು. ಗುಣವಾಗುವುದಾದರೆ ಆಹಾರದಿಂದಲೇ ಎಂದು ಲಂಡನ್ನಿನ ಸ್ಯಾಮ್ಯುಯೆಲ್ ಗೀ 1888ರಲ್ಲೇ ಹೇಳಿದ್ದರು. ಯಾವ ಆಹಾರ ಎಂಬುದು ತಿಳಿದಿರಲಿಲ್ಲ. 1924ರಲ್ಲಿ ನ್ಯೂಯಾರ್ಕಿನ ಸಿಡ್ನಿ ಹಾಸ್ ಬ್ರೆಡ್ಡು ಬಿಡಿಸಿ ಬಾಳೆಹಣ್ಣಿನ ಪಥ್ಯ ಕೊಟ್ಟಾಗ ಮಕ್ಕಳು ಚೇತರಿಸಿಕೊಂಡರು. ರೋಗ ವಾಸಿಯಾಯಿತೆಂದು ತಿಳಿದು ಮುಂದೆ ಮಾಮೂಲಿ ಊಟಕ್ಕೆ ಮರಳಲು ಬಿಟ್ಟದ್ದು ಆ ಕಾಲದ ದೊಡ್ಡ ತಪ್ಪು. ಗೋಧಿಯೇ ಕಾರಣವೆಂದು ತೋರಿಸಿದವರು ನೆದರ್ಲೆಂಡ್ಸಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ. 1944–45ರ ಯುದ್ಧಕಾಲದ ಹಸಿವಿನ ಚಳಿಗಾಲದಲ್ಲಿ ಬ್ರೆಡ್ಡು ಸಿಗದಿದ್ದದ್ದು ಅವರ ಗುಮಾನಿಯನ್ನು ಗಟ್ಟಿಮಾಡಿತು. 1950ರಲ್ಲಿ ಮಹಾಪ್ರಬಂಧ ಹೊರಬಂತು. ಆ ದಶಕದಲ್ಲೇ ಕರುಳಿನ ಬಯಾಪ್ಸಿ ಸಾಧ್ಯವಾಯಿತು. 1997ರಲ್ಲಿ ರೋಗಿಗಳ ರಕ್ತದ ಪ್ರತಿಕಾಯಗಳ ಗುರಿ ಟಿಶ್ಯೂ ಟ್ರಾನ್ಸ್‌ಗ್ಲುಟಾಮಿನೇಸ್ ಎಂಬ ಕಿಣ್ವವೆಂದು ಗುರುತಿಸಲ್ಪಟ್ಟು, ರಕ್ತಪರೀಕ್ಷೆಯಿಂದಲೇ ಪಥ್ಯದ ಫಲವನ್ನು ಅಂದಾಜಿಸುವ ದಾರಿ ಸುಲಭವಾಯಿತು. 2004ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ತಜ್ಞರ ಸಭೆ ಆಹಾರತಜ್ಞರ ಸಲಹೆ, ಪೋಷಕಾಂಶದ ಕೊರತೆಯ ತಪಾಸಣೆ, ರೋಗಿಗಳ ಬೆಂಬಲ ಗುಂಪು, ಬಿಡದ ಅನುಸರಣೆ ಇವೆಲ್ಲವನ್ನೂ ಚಿಕಿತ್ಸೆಯ ಅಂಗವೆಂದು ಸಾರಿತು.

ಭಾರತದ ಚಿತ್ರ 2016ರ ಒಂದು ಅಧ್ಯಯನದಿಂದ ಸ್ಪಷ್ಟವಾಯಿತು. ಉತ್ತರದಲ್ಲಿ ನೂರಕ್ಕೆ 1.23, ಈಶಾನ್ಯದಲ್ಲಿ 0.87, ದಕ್ಷಿಣದಲ್ಲಿ 0.10 ಮಂದಿಯ ರಕ್ತದಲ್ಲಿ ಸೀಲಿಯಾಕ್ ಪ್ರತಿಕಾಯಗಳು ಕಂಡವು. ರೋಗಕ್ಕೆ ಎಡೆಕೊಡುವ ವಂಶವಾಹಿಗಳು ದಕ್ಷಿಣದವರಲ್ಲೂ ಇದ್ದವು. ಆದರೆ ದಿನದ ಗೋಧಿ ಸೇವನೆ ಉತ್ತರದಲ್ಲಿ ಸರಾಸರಿ 455 ಗ್ರಾಂ, ದಕ್ಷಿಣದಲ್ಲಿ 25 ಗ್ರಾಂ.

ದಕ್ಷಿಣದ ರಾಯಚೂರು ಸೀಮೆಗೆ ಇದರಲ್ಲಿ ವರವೂ ಇದೆ, ಎಚ್ಚರಿಕೆಯೂ ಇದೆ. ಬಿಳಿಜೋಳದ ರೊಟ್ಟಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಮಾನ್ವಿಯ ಕಾಲುವೆ ನೀರಿನ ಸೋನಾ ಮಸೂರಿ ಅನ್ನ, ತೊಗರಿ ಬೇಳೆ, ಶೇಂಗಾ ಚಟ್ನಿ, ಪುಂಡಿ ಪಲ್ಯ: ಇವು ಯಾವುದರಲ್ಲೂ ಸಹಜವಾಗಿ ಗ್ಲುಟೆನ್ ಇಲ್ಲ. ಪೇಟೆಯ ದುಬಾರಿ ಪೊಟ್ಟಣ ಬೇಕಿಲ್ಲ. ಅಪಾಯ ಅಡಗಿರುವುದು ಬೇರೆ ಕಡೆ. ಗೋಧಿ ಬೀಸಿದ ಗಿರಣಿಯಲ್ಲೇ ಜೋಳ ಬೀಸಿದರೆ ಗೋಧಿಹಿಟ್ಟು ಬೆರೆಯುತ್ತದೆ. ಪುಡಿ ಇಂಗಿಗೆ ಗೋಧಿಹಿಟ್ಟು ಸೇರಿಸುವುದು ಸಾಮಾನ್ಯ. ಮಾಲ್ಟ್ ಪಾನೀಯಗಳಲ್ಲಿ ಬಾರ್ಲಿ ಇರುತ್ತದೆ. ಮದುವೆ ಮನೆಯ ಹೋಳಿಗೆ, ಗೋಧಿ ಹುಗ್ಗಿ, ಮಾದಲಿ, ಬೆಳಗಿನ ರವೆ ಉಪ್ಪಿಟ್ಟು, ಚಹದ ಜೊತೆಯ ಬಿಸ್ಕತ್ತು ಎಲ್ಲವೂ ಗೋಧಿಯೇ. ಗ್ಲುಟೆನ್‌ರಹಿತ ಎನ್ನಲು ಕಿಲೋಗೆ 20 ಮಿಲಿಗ್ರಾಂ ದಾಟಬಾರದು ಎಂಬುದು ನಮ್ಮ ಆಹಾರ ಸುರಕ್ಷತಾ ನಿಯಮ. ಚಿಟಿಕೆ ಹಿಟ್ಟನ್ನೂ ಕಡೆಗಣಿಸುವಂತಿಲ್ಲ.

ಅನುಸರಣೆ ಎಂದರೆ ಇದನ್ನೆಲ್ಲ ಕೂತು ಕೇಳುವುದು: ಹಿಟ್ಟು ಎಲ್ಲಿ ಬೀಸಿಸಿದಿರಿ, ಹಬ್ಬದಲ್ಲಿ ಏನು ಉಂಡಿರಿ? ಜೊತೆಗೆ ತೂಕ, ಎತ್ತರ, ಹಿಮೋಗ್ಲೋಬಿನ್, ವಿಟಮಿನ್ ಬಿ12, ಡಿ ಪರೀಕ್ಷೆ. ಮೊದಲ ವರ್ಷ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಪ್ರತಿಕಾಯಗಳ ತಪಾಸಣೆ ವಾಡಿಕೆ. ತಂದೆತಾಯಿ, ಒಡಹುಟ್ಟಿದವರು, ಮಕ್ಕಳನ್ನೂ ಪರೀಕ್ಷಿಸಬೇಕು. ಲಕ್ಷಣ ಮಾಯವಾದರೂ ಕರುಳು ಪೂರ್ತಿ ಮಾಗಲು, ಅದರಲ್ಲೂ ದೊಡ್ಡವರಲ್ಲಿ, ವರ್ಷಗಳೇ ಬೇಕಾಗಬಹುದು.

ದೇವದುರ್ಗ, ಮಾನ್ವಿಯ ಕೂಲಿಕಾರ ಕುಟುಂಬಕ್ಕೆ ರಾಯಚೂರಿನ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೋಗಿಬರುವುದೆಂದರೆ ಒಂದು ದಿನದ ಕೂಲಿ ಹೋದಂತೆ. ಬಯಾಪ್ಸಿ ಅಲ್ಲೇ ಆಗಲಿ. ಆದರೆ ತೂಕ ನೋಡುವುದು, ರಕ್ತದ ಮಾದರಿ ಪಡೆಯುವುದು, ಊಟದ ವಿಚಾರಣೆ ತಾಲ್ಲೂಕು ಆಸ್ಪತ್ರೆಯಲ್ಲೇ ನಡೆಯಲಿ. ಆಶಾ ಕಾರ್ಯಕರ್ತೆಗೆ ಗಿರಣಿ ಮತ್ತು ಇಂಗಿನ ವಿಷಯ ತಿಳಿದಿರಲಿ. ಪಥ್ಯದ ಚೀಟಿ ಚಪಾತಿ, ಬ್ರೆಡ್ಡುಗಳ ನಿಷೇಧದಿಂದಲ್ಲ, ಜೋಳದ ರೊಟ್ಟಿಯಿಂದ ಶುರುವಾಗಲಿ. ಈ ಸೀಮೆಯ ಊಟ ಅರ್ಧ ಮದ್ದಾಗಿ ಮನೆಯಲ್ಲೇ ಇದೆ. ಉಳಿದರ್ಧ, ವರ್ಷವರ್ಷವೂ ಬಿಡದೆ ವಿಚಾರಿಸುವ ಆರೋಗ್ಯ ವ್ಯವಸ್ಥೆಯ ಹೊಣೆ.