ಅಟ್ಟದ ಮೇಲಿನ ಕ್ಯಾಸಿಯೋ ಮತ್ತು ಕಿಂಗ್‌ಸ್ಟನ್‌ನ ಒಂದು ರಾತ್ರಿ

1/8
ಯಾವ ಕಂಪನಿಯ ಚಿಕ್ಕ ಕೀಬೋರ್ಡ್ ಕಂಡರೂ ನಾವು ‘ಕ್ಯಾಸಿಯೋ’ ಅಂತಲೇ ಕರೀತೀವಿ, ಅಲ್ವಾ? ನಿಮ್ಮ ಮನೆಯಲ್ಲೂ ಒಂದು ಇರಬಹುದು. ಬೇಸಿಗೆ ರಜೆಯಲ್ಲಿ ಕ್ಲಾಸಿಗೆ ಸೇರಿಸಿದಾಗ ತಂದದ್ದು, ಈಗ ಅಟ್ಟದ ಮೇಲೆ ಧೂಳು ಹಿಡಿದು ಕೂತಿರೋದು. ಸ್ವಂತ ಹಾಡು ಮಾಡಬೇಕು, ರೆಕಾರ್ಡ್ ಮಾಡಬೇಕು ಅಂತ ಆಸೆ ಬಂದಾಗ ಅದು ನೆನಪೇ ಆಗಲ್ಲ. ಆನ್‌ಲೈನ್‌ನಲ್ಲಿ ದುಬಾರಿ ಮಾಡೆಲ್ ನೋಡ್ತೀವಿ. ಕೊಳ್ಳೋಕೆ ದುಡ್ಡಿಲ್ಲ, ಹಾಗಾಗಿ ಹಾಡೂ ಶುರುವಾಗಲ್ಲ. ಅಂಥವರಿಗೆ ಈ ಕಥೆ: ಒಂದು ಅಗ್ಗದ ಕೀಬೋರ್ಡು, ಅದರೊಳಗಿನ ಒಂದೇ ಒಂದು ರಿದಮ್, ಅದರಿಂದ ದಾರಿ ಬದಲಿಸಿದ ಒಂದು ದೇಶದ ಸಂಗೀತ.

2/8
ಜಪಾನ್, 1980. ಕ್ಯಾಸಿಯೋ ಅಂದ್ರೆ ಆಗ ಕ್ಯಾಲ್ಕುಲೇಟರ್, ವಾಚು. ಕಂಪನಿ ಕಟ್ಟಿದ ನಾಲ್ವರು ಕಶಿಯೋ ಸಹೋದರರಲ್ಲಿ ಒಬ್ಬರಾದ ತೋಶಿಯೋ ಅವರಿಗೆ ಸಂಗೀತದ ಹುಚ್ಚು. ಸಾಮಾನ್ಯ ಜನರಿಗೂ ಎಟಕುವ ವಾದ್ಯ ಮಾಡಬೇಕು ಅನ್ನೋದು ಅವರ ಆಸೆ. ಆ ವರ್ಷ ಕಂಪನಿಯ ಮೊದಲ ಕೀಬೋರ್ಡ್ ‘ಕ್ಯಾಸಿಯೋಟೋನ್ 201’ ಬಂತು.

ಅದೇ ವರ್ಷ ಅಲ್ಲಿ ಕೆಲಸಕ್ಕೆ ಸೇರಿದ ಹುಡುಗಿ ಹಿರೋಕೋ ಒಕುಡಾ. ಕುನಿತಾಚಿ ಸಂಗೀತ ಕಾಲೇಜಿನಿಂದ ಆಗಷ್ಟೇ ಹೊರಬಂದಿದ್ದರು. ಪದವಿಗಾಗಿ ಅವರು ಬರೆದ ಪ್ರಬಂಧದ ವಿಷಯ ಏನು ಗೊತ್ತಾ? ರೆಗೇ. ಜಪಾನಿಗೂ ಜಮೈಕಾಕ್ಕೂ ಎಲ್ಲಿಂದೆಲ್ಲಿಯ ಸಂಬಂಧ! ಆದರೆ 1979ರಲ್ಲಿ ಬಾಬ್ ಮಾರ್ಲಿ ಜಪಾನಿಗೆ ಬಂದಾಗ ಆ ಕಛೇರಿ ಕೇಳಿದವರಲ್ಲಿ ಅವರೂ ಒಬ್ಬರು.

3/8
ಹೊಸಬರಾದ ಅವರಿಗೆ ಸಿಕ್ಕ ಕೆಲಸ: ತಯಾರಾಗುತ್ತಿದ್ದ ಎಂಟಿ-40 ಅನ್ನೋ ಚಿಕ್ಕ ಕೀಬೋರ್ಡಿಗೆ ರಿದಮ್‌ಗಳನ್ನು ಬರೆಯೋದು. ಅದೇ ನಾವು ಬಟನ್ ಒತ್ತಿದ ತಕ್ಷಣ ತಾನಾಗಿ ಬಾರಿಸುತ್ತಲ್ಲ, ಡ್ರಮ್ಸ್ ಮತ್ತು ಬೇಸ್, ಅದು. 1981ರಲ್ಲಿ ಅದು ಮಾರುಕಟ್ಟೆಗೆ ಬಂತು. 37 ಪುಟ್ಟ ಕೀಗಳು, ಎಡಗಡೆ ಬೇಸ್‌ಗೆ ಅಂತಲೇ ಬೇರೆ ಗುಂಡಿಗಳು. ಒಳಗಿನ ಮೆಮೊರಿ ತೀರಾ ಕಡಿಮೆ. ನಾಲ್ಕಾರು ಸ್ವರಗಳಲ್ಲೇ ಎಲ್ಲಾ ಹೇಳಬೇಕು. ಒಕುಡಾ ಬರೆದವುಗಳಲ್ಲಿ ಒಂದರ ಹೆಸರು ‘ರಾಕ್’. ಹೆಸರಿಗೆ ರಾಕ್, ಆದರೆ ಬರೆದವರ ಕಿವಿಯಲ್ಲಿ ವರ್ಷಗಟ್ಟಲೆ ಕೂತಿದ್ದದ್ದು ರೆಗೇ!

4/8
ಈಗ ಜಮೈಕಾದ ರಾಜಧಾನಿ ಕಿಂಗ್‌ಸ್ಟನ್‌ಗೆ ಬನ್ನಿ. ಅಲ್ಲಿ ‘ರಿಡಿಮ್’ ಅನ್ನೋ ಪದ್ಧತಿ ಇದೆ. ಡ್ರಮ್ಸ್ ಮತ್ತು ಬೇಸ್ ಸೇರಿದ ಒಂದು ಹಿನ್ನೆಲೆಯನ್ನು ಒಮ್ಮೆ ಮಾಡಿಟ್ಟರೆ, ಅದೇ ಹಿನ್ನೆಲೆಗೆ ಹತ್ತಾರು ಗಾಯಕರು ತಮ್ಮ ತಮ್ಮ ಹಾಡು ಹಾಡ್ತಾರೆ. ನಮ್ಮ ಭಜನೆಯಲ್ಲಿ ಒಂದೇ ಧಾಟಿಗೆ ಬೇರೆ ಬೇರೆ ಪದ ಕೂರಿಸ್ತೀವಲ್ಲ, ಹೆಚ್ಚುಕಮ್ಮಿ ಹಾಗೆ. 1985ರವರೆಗೆ ಈ ಹಿನ್ನೆಲೆಗಳನ್ನು ಬಹುಮಟ್ಟಿಗೆ ನುಡಿಸುತ್ತಿದ್ದದ್ದು ಸ್ಟುಡಿಯೋದ ವಾದ್ಯಗಾರರು.

ನೋಯೆಲ್ ಡೇವಿ ಅನ್ನೋ ಯುವಕನ ಕೈಗೆ ಒಂದು ಎಂಟಿ-40 ಬಂತು. ಅವನೂ ಗೆಳೆಯ ವೇಯ್ನ್ ಸ್ಮಿತ್ ಕೂಡ ಅದರಲ್ಲಿ ಹುಡುಕಾಡುವಾಗ ಆ ‘ರಾಕ್’ ಸಿಕ್ಕಿತು. ವೇಯ್ನ್‌ಗೆ ಆಗ ಇಪ್ಪತ್ತರ ಆಸುಪಾಸು. ನಿಮ್ಮದೇ ವಯಸ್ಸು ಅನ್ನಿ.

5/8
ಇಬ್ಬರೂ ಅದನ್ನು ವಾಟರ್‌ಹೌಸ್ ಬಡಾವಣೆಯ ಕಿಂಗ್ ಜಾಮಿ ಹತ್ತಿರ ಒಯ್ದರು. ಜಾಮಿ ಮಾಡಿದ ಮುಖ್ಯ ಕೆಲಸ ಏನು? ವೇಗ ಇಳಿಸಿದರು. ರಾಕ್‌ನ ಓಟ ಹೋಗಿ, ತೂಗಾಡುವ ನಡೆ ಬಂತು. ಅದರ ಮೇಲೆ ವೇಯ್ನ್ ಹಾಡಿದರು: ‘ಅಂಡರ್ ಮಿ ಸ್ಲೆಂಗ್ ಟೆಂಗ್’.

1985ರ ಫೆಬ್ರವರಿ 23. ವಾಲ್ತಮ್ ಪಾರ್ಕ್ ರಸ್ತೆಯಲ್ಲಿ ಜಾಮಿಯ ಸೌಂಡ್ ಸೆಟ್‌ಗೂ ‘ಬ್ಲ್ಯಾಕ್ ಸ್ಕಾರ್ಪಿಯೋ’ ಸೆಟ್‌ಗೂ ಪೈಪೋಟಿ. ಗೋಡೆಯಂಥ ಸ್ಪೀಕರ್‌ಗಳು, ನೆರೆದ ಜನ. ಆ ರಾತ್ರಿ ಜಾಮಿ ಹಾಕಿದ ಈ ಹಾಡು ಜಮೈಕಾದಲ್ಲಿ ಡಿಜಿಟಲ್ ಕಾಲದ ಬಾಗಿಲು ತೆಗೆಯಿತು. ಆಮೇಲೆ ಇದೇ ರಿಡಿಮ್ ಮೇಲೆ ನೂರಾರು ಹಾಡುಗಳು ಬಂದವು.

6/8
ಇದನ್ನ ಬರೀ ಗೆಲುವಿನ ಕಥೆ ಅಂತ ಓದಬೇಡಿ. ಒಂದು ಪೆಟ್ಟಿಗೆ ಬೇಸ್, ಡ್ರಮ್ಸ್ ಎರಡನ್ನೂ ನುಡಿಸೋಕೆ ಶುರು ಮಾಡಿದ ಮೇಲೆ, ಸ್ಟುಡಿಯೋದಲ್ಲಿ ಅದನ್ನೇ ನುಡಿಸಿ ಬದುಕುತ್ತಿದ್ದವರ ಕೆಲಸ ಕಡಿಮೆಯಾಯಿತು. ದುಡ್ಡಿಲ್ಲದ ಹುಡುಗರಿಗೆ ತೆರೆದ ಬಾಗಿಲೇ ಅವರಿಗೆ ಮುಚ್ಚುತ್ತಾ ಬಂತು.

ಮತ್ತೆ ಒಕುಡಾ? ತಮ್ಮ ರಿದಮ್ ಜಮೈಕಾದಲ್ಲಿ ಕುಣಿಯುತ್ತಿದೆ ಅನ್ನೋದು ಅವರಿಗೆ ಆಮೇಲೆ ಸಂಗೀತ ಪತ್ರಿಕೆ ಓದಿದಾಗ ಗೊತ್ತಾಯಿತು. ಲಕ್ಷಾಂತರ ಜನ ಕುಣಿದರು, ಆದರೆ ಅವರ ಹೆಸರು ಬಹಳ ವರ್ಷ ಹೊರಗೆ ಯಾರಿಗೂ ಗೊತ್ತಿರಲಿಲ್ಲ. ನಾವು ‘ಅದೇನು, ಬಟನ್ ಒತ್ತಿದ್ರೆ ಬರುತ್ತೆ’ ಅಂತೀವಲ್ಲ, ಆ ಬಟನ್ ಹಿಂದೆ ಒಬ್ಬರು ಕೂತು, ಯೋಚಿಸಿ, ಬರೆದಿರ್ತಾರೆ.

7/8
ಸರಿ, ಅಟ್ಟದಿಂದ ಕೆಳಗಿಳಿಸಿದ್ರಾ? ಶುರು ಮಾಡೋದು ಹೀಗೆ.

• ಮೊದಲ ವಾರ ಎಲ್ಲಾ ರಿದಮ್‌ಗಳನ್ನೂ ಒಂದೊಂದಾಗಿ ಕೇಳಿ. ಪ್ರತಿಯೊಂದನ್ನೂ ಟೆಂಪೋ ಇಳಿಸಿ ಒಮ್ಮೆ, ಏರಿಸಿ ಒಮ್ಮೆ. ಜಾಮಿ ಮಾಡಿದ್ದೂ ಇದೇ. ಹೆಸರು ನೋಡಬೇಡಿ, ಕಿವಿ ನಂಬಿ.
• ಇಷ್ಟವಾದದ್ದರ ನಂಬರು, ಟೆಂಪೋ ಎರಡನ್ನೂ ನೋಟ್‌ಬುಕ್‌ನಲ್ಲಿ ಬರೆದಿಡಿ. ನಾಳೆ ಮರೆತೇ ಹೋಗುತ್ತೆ.
• ದನಿಗೆ ಕೀ ಎತ್ತರ ಆಯ್ತಾ? ಬೆರಳು ಬದಲಿಸಬೇಡಿ, ‘ಟ್ರಾನ್ಸ್‌ಪೋಸ್’ ಒತ್ತಿ ನಿಮ್ಮ ಶ್ರುತಿಗೆ ತನ್ನಿ.
• ಎಡಗೈಯಲ್ಲಿ ಬರೀ ಸ ಮತ್ತು ಪ ಹಿಡಿದು ಹಾಡಿ ನೋಡಿ. ಕಾರ್ಡ್‌ಗಳು ನಿಧಾನಕ್ಕೆ ಬರ್ತವೆ.

8/8
ರೆಕಾರ್ಡಿಂಗ್: ಕೀಬೋರ್ಡಿನ ಸ್ಪೀಕರ್ ಮುಂದೆ ಫೋನ್ ಇಟ್ಟರೆ ಫ್ಯಾನಿನ ಸದ್ದೂ ಸೇರುತ್ತೆ. ಸಾಧ್ಯವಾದರೆ ಆಡಿಯೋ ಇಂಟರ್‌ಫೇಸ್ ಮೂಲಕ ಕೇಬಲ್ ಹಾಕಿ. ಮೊದಲು ರಿದಮ್ಮು, ಬೇಸು. ಆಮೇಲೆ ಇಯರ್‌ಫೋನಿನಲ್ಲಿ ಅದನ್ನು ಕೇಳ್ತಾ ದನಿ ಬೇರೆ ಟ್ರ್ಯಾಕಿಗೆ. ಆಗ ದನಿಯಲ್ಲಿ ತಪ್ಪಾದರೆ ಅದಷ್ಟನ್ನೇ ಮತ್ತೆ ಹಾಡಬಹುದು.

ಯುಎಸ್‌ಬಿ ಮಿಡಿ ಇದ್ದರೆ ಇನ್ನೂ ಸುಲಭ. 1983ರಲ್ಲಿ ಬಂದ ಈ ‘ಮಿಡಿ’ ಸದ್ದನ್ನ ಕಳಿಸಲ್ಲ. ಯಾವ ಕೀ, ಯಾವಾಗ, ಎಷ್ಟು ಜೋರಾಗಿ ಒತ್ತಿದಿರಿ ಅನ್ನೋದನ್ನಷ್ಟೇ ಕಳಿಸುತ್ತೆ. ಹಾಗಾಗಿ ನುಡಿಸಿ ಆದ ಮೇಲೂ ಫೋನಿನ ಆ್ಯಪ್‌ನಲ್ಲಿ ಪಿಯಾನೋವನ್ನ ಕೊಳಲು ಮಾಡಬಹುದು.

ಸ್ಟೇಜಿಗೆ: ಹಾಡಿನ ಪಟ್ಟಿ, ಪಕ್ಕದಲ್ಲಿ ಟೋನ್ ನಂಬರು, ಟೆಂಪೋ, ಟ್ರಾನ್ಸ್‌ಪೋಸ್. ದೊಡ್ಡ ಅಕ್ಷರದಲ್ಲಿ ಬರೆದು ಕೀಬೋರ್ಡಿಗೇ ಅಂಟಿಸಿ. ವಾಲ್ಯೂಮ್ ಸೊನ್ನೆಗೆ ಇಳಿಸಿ ಆಮೇಲೆ ಕೇಬಲ್ ಚುಚ್ಚಿ. ಸ್ಪೀಕರ್ ಸಿಡಿಯೋದು ತಪ್ಪುತ್ತೆ.

ಕಾಲೇಜ್ ಫೆಸ್ಟಿನಲ್ಲಿ ಬೇಸ್ ನುಡಿಸೋ ಗೆಳೆಯ ಇದ್ದರೆ ಅವನನ್ನೂ ಕರೀರಿ. ಬಟನ್ ಇದೆ ಅಂತ ಅವನನ್ನ ಬಿಡಬೇಡಿ.

ನಿಮ್ಮ ಕೀಬೋರ್ಡಿನಲ್ಲಿ ಯಾವ ನಂಬರಿನ ರಿದಮ್ ನಿಮ್ಮನ್ನ ಹಿಡಿದು ನಿಲ್ಲಿಸ್ತು? ಎಷ್ಟು ಟೆಂಪೋದಲ್ಲಿ? ಕೆಳಗೆ ಬರೀರಿ.

#ಕೀಬೋರ್ಡ್ #ಸಂಗೀತದಕಥೆ #ಇತಿಹಾಸ