ಮಾವಾರ ಅಂಗಿ ಧೂಳ

ನಮ್ಮ ಮಾವಾರು ಕುಷ್ಟಗಿ ಕಡೆ ಗ್ರಾನೈಟ್ ಕ್ವಾರಿಯೊಳಗ ಹದಿನೆಂಟು ವರ್ಷ ದುಡದವ್ರು. ಸಂಜಿಕ್ಕ ಮನಿಗೆ ಬಂದ್ರ ಹುಬ್ಬು ಸೈತ ಬೆಳ್ಳಗಿರ್ತಿದ್ವಂತ. ಅತ್ತಿಯಾರು ಆ ಅಂಗಿ ಪಡಸಾಲ್ಯಾಗ ಝಾಡಿಸಿ ಒಗ್ಯಾಕ ಹಾಕ್ತಿದ್ರು. ಕೆಲಸ ಬಿಟ್ಟು ಭಾಳ ವರ್ಷಾದ ಮ್ಯಾಲ ಮಾವಾರಿಗೆ ದಮ್ಮು ಶುರುವಾತು. ದವಾಖಾನಿಯೊಳಗ ಟಿಬಿ ಅಂತ ಎರಡು ಸಲ ಗುಳಿಗಿ ಕೊಟ್ರು. ಮೊದ್ಲು ಏನು ಕೆಲಸ ಮಾಡ್ತಿದ್ರಿ ಅಂತ ಯಾರೂ ಕೇಳಲಿಲ್ಲ. ನಾವೂ ಹೇಳಲಿಲ್ಲ. ಅವ್ರು ಹೋಗೇಬಿಟ್ರು.

ಈ ಜಡ್ಡು ಹೊಸಾದಲ್ಲ. ಕೋಲಾರದ ಚಿನ್ನದ ಗಣಿಯೊಳಗ 1880ರಿಂದ ಜಾನ್ ಟೇಲರ್ ಕಂಪನಿ ಕೆಲಸ ನಡೆಸಿತು. ಬಂಡಿ ಕೊರಿಯೋವಾಗ ಏಳೋ ಸಿಲಿಕಾ ಧೂಳ ಶ್ವಾಸಕೋಶದಾಗ ಕುಂತು ಗಾಯ ಮಾಡತೈತಿ. ಆ ಗಾಯ ಮಾಯಂಗಿಲ್ಲ. ಇದಕ್ಕ ಸಿಲಿಕೋಸಿಸ್ ಅಂತಾರ. ಇದು ಇದ್ದವ್ರಿಗೆ ಟಿಬಿನೂ ಲಗೂ ಹತ್ತತೈತಿ, ಹಿಂಗಾಗಿ ಯಾವುದು ಯಾವುದಂತ ಗುರ್ತು ತಪ್ಪತೈತಿ. 1940ರಾಗ ಮೈಸೂರು ಸಂಸ್ಥಾನ ಈ ಜಡ್ಡಿಗೆ ಪರಿಹಾರ ಕೊಡೋ ನಿಯಮ ಮಾಡಿತು. ಆಗ ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಿಜಾಮರ ಕೈಯಾಗಿದ್ವು. ಆ ನಿಯಮ ನಮ್ಮ ಮಂದಿಗಿರಲಿಲ್ಲ. 2001ರ ಫೆಬ್ರವರಿ 28ಕ್ಕ ಕೋಲಾರದ ಗಣಿ ಮುಚ್ಚಿದ್ರು. ದುಡದವ್ರ ಎದ್ಯಾಗಿನ ಧೂಳ ಹಂಗ ಉಳೀತು.

ಕಲ್ನಾರಿನ ಕತಿ ಇದಕ್ಕಿಂತ ಕೆಟ್ಟದ್ದು. ಅದಕ್ಕ ಆಸ್ಬೆಸ್ಟಾಸ್ ಅಂತಾರ, ದನದ ಮನಿ ಮ್ಯಾಲಿನ ಹಳೇ ಸಿಮೆಂಟ್ ಶೀಟಿನಾಗ ಇರೋದು ಅದಽ. 1960ರಾಗ ದಕ್ಷಿಣ ಆಫ್ರಿಕಾದ ಡಾಕ್ಟರ್ ವ್ಯಾಗ್ನರ್ ಮತ್ತ ಜೋಡಿಯವ್ರು ಎದಿ ಪೊರೆಯ ಕ್ಯಾನ್ಸರ್ ಆದ 33 ಮಂದಿ ವಿಚಾರ ಬರದ್ರು. ಅವರೊಳಗ ಗಣಿಗೆ ಇಳೀದ ಹೆಣ್ಮಕ್ಳೂ ಇದ್ರು, ಗಣಿ ಹತ್ರ ಬೆಳದಿದ್ದಽ ಅವರ ತಪ್ಪು. 1965ರಾಗ ಲಂಡನ್ನಿನಾಗ, ಗಂಡನ ಕೆಲಸದ ಬಟ್ಟಿ ಒಗದ ಹೆಂಡ್ರಿಗೂ ಅದಽ ಜಡ್ಡು ಬಂದದ್ದು ಗೊತ್ತಾತು. ಧೂಳ ಕುಡದು 20, 30, 40 ವರ್ಷಾದ ಮ್ಯಾಲ ಅದು ಹೊರಗ ಬೀಳತೈತಿ. ಅದಕ್ಕಽ 1995ರಾಗ ನಮ್ಮ ಸುಪ್ರೀಂ ಕೋರ್ಟ್, ಕಲ್ನಾರಿನ ಕೆಲಸಗಾರರ ಆರೋಗ್ಯದ ದಾಖಲೆ ಕೆಲಸಕ್ಕ ಸೇರಿದಾಗಿಂದ 40 ವರ್ಷ ಇಡ್ರಿ ಅಂತ ಹೇಳಿತು.

ಕ್ವಾರಿಯೊಳಗ ದುಡದವ್ರ ದಾಖಲೆ ಯಾರು ಇಡಬೇಕ್ರಿ ಅಕ್ಕಾರ? ನಾವಽ. ಮನಿ ಗಂಡಸ್ರು ಎಲ್ಲಿ, ಯಾವ ವರ್ಷದಿಂದ ಯಾವ ವರ್ಷದ ತನ ದುಡದ್ರು ಅಂತ ಒಂದು ವಹಿಯೊಳಗ ಬರದಿಡ್ರಿ. ಹಾಜರಿ ಚೀಟಿ ಒಲಿಗೆ ಹಾಕಬ್ಯಾಡ್ರಿ. ಧೂಳಿನ ಬಟ್ಟಿ ಝಾಡಿಸದ ನೀರಾಗ ಅದ್ದ್ರಿ. ಹಳೇ ಶೀಟು ಕೊಯ್ಯಬ್ಯಾಡ್ರಿ, ಒಡೀಬ್ಯಾಡ್ರಿ.

ಈಗ ಅತ್ತಿಯಾರಿಗೂ ಕೆಮ್ಮ ಹತ್ತೈತಿ. ಸೋಮವಾರ ಎಕ್ಸ್‌ರೇ ತಗಸಾಕ ಕರಕೊಂಡು ಹೊಂಟೀನಿ. ಈ ಸಲ ಡಾಕ್ಟರ್ ಕೇಳೋಕ್ಕಿಂತ ಮೊದ್ಲಽ ಆ ಹದಿನೆಂಟು ವರ್ಷದ ಅಂಗಿ ವಿಚಾರ ಹೇಳ್ತೀನಿ.